ತಮ್ಮನ ರೂಮಿನಲ್ಲಿ ಗೆಳೆಯನ ಚೀಲ, ಒಳಗೆ ಗಾಂಜಾ: ಇದು ‘ಮಾರಾಟಕ್ಕೆ ಇಟ್ಟುಕೊಂಡಿದ್ದು’ ಅಂತ ಆಗುತ್ತಾ?

ಬೆಳ್ಳಿಚುಕ್ಕಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಕಾನೂನು ಗೊತ್ತಿರುವವರು ದಯವಿಟ್ಟು ಓದಿ ಉತ್ತರ ಕೊಡಿ. ಆರು ದಿನದಿಂದ ಮನೆಯಲ್ಲಿ ಯಾರೂ ಸರಿಯಾಗಿ ಮಲಗಿಲ್ಲ.

ನನ್ನ ತಮ್ಮನಿಗೆ 22 ವರ್ಷ. ಓದು ಮುಗಿಸಿ ಕೆಲಸ ಹುಡುಕುತ್ತಾ ಬಾಡಿಗೆ ರೂಮಿನಲ್ಲಿ ಒಬ್ಬನೇ ಇದ್ದ. ಹೋದ ವಾರ ರಾತ್ರಿ ಹತ್ತೂವರೆಗೆ ಪೊಲೀಸರು ಬಂದು ಮಂಚದ ಕೆಳಗಿದ್ದ ಚೀಲ ಹೊರಗೆ ತೆಗೆದಿದ್ದಾರೆ. ಒಳಗೆ ಗಾಂಜಾ ಇತ್ತು, 1 ಕೆಜಿ 120 ಗ್ರಾಂ ಅಂತ ಬರೆದಿದ್ದಾರೆ. ಜೊತೆಗೆ ಅಂಗೈ ಅಗಲದ ತೂಕದ ಯಂತ್ರ, ಜಿಪ್ ಇರುವ ಸಣ್ಣ ಸಣ್ಣ ಪ್ಲಾಸ್ಟಿಕ್ ಕವರುಗಳು. ಚೀಲ ಅವನ ಗೆಳೆಯನದು. ‘ನಾಲ್ಕು ದಿನ ಇಟ್ಟುಕೊಂಡಿರು, ಊರಿಗೆ ಹೋಗಿ ಬರ್ತೀನಿ’ ಅಂದಿದ್ದನಂತೆ. ಆ ಗೆಳೆಯ ಅದಕ್ಕೆ ಎರಡು ದಿನ ಮೊದಲೇ ಬೇರೆ ಕಡೆ 12 ಗ್ರಾಂ ಎಂಡಿಎಂಎ (ರಾಸಾಯನಿಕ ಮಾದಕ ವಸ್ತು) ಸಮೇತ ಸಿಕ್ಕಿಬಿದ್ದಿದ್ದ, ಇವನ ಹೆಸರು ಹೇಳಿದ್ದೇ ಅವನು.

ಎಫ್‌ಐಆರ್‌ನಲ್ಲಿ ಎನ್‌ಡಿಪಿಎಸ್ ಕಾಯ್ದೆಯ (ಮಾದಕ ವಸ್ತು ತಡೆ ಕಾನೂನು) 20(ಬಿ), 22(ಸಿ), 29 ಅಂತ ಇದೆ. ಗೆಳೆಯ ಎ1, ತಮ್ಮ ಎ2. ತಮ್ಮ ಈಗ ನ್ಯಾಯಾಂಗ ಬಂಧನದಲ್ಲಿದ್ದಾನೆ. ಪೊಲೀಸರು ‘ಮಾರಾಟಕ್ಕೆ ಇಟ್ಟುಕೊಂಡಿದ್ದ, ಇಪ್ಪತ್ತು ವರ್ಷ ಆಗಬಹುದು’ ಅಂದರು. ಅಮ್ಮ ಅಲ್ಲೇ ಕುಸಿದು ಕೂತರು.

ನಾನು ಕೇಳೋದು ಇಷ್ಟೇ. ಅವನು ಒಂದು ಗ್ರಾಂ ಕೂಡ ಮಾರಿಲ್ಲ. ಮಾರುವ ಉದ್ದೇಶ ಇರಲಿಲ್ಲ ಅಂತ ನಾವು ತೋರಿಸಿದರೆ ಶಿಕ್ಷೆ ಕಡಿಮೆ ಆಗುತ್ತಾ? ಅದನ್ನು ತೋರಿಸೋದು ಹೇಗೆ? ನಿಜ ಹೇಳಿಬಿಡುತ್ತೇನೆ, ಅವನು ಆಗಾಗ ಸೇದುತ್ತಿದ್ದ. ಅದು ನನಗೆ ಈಗ ಗೊತ್ತಾಯಿತು.

---

ಕರಿಕೋಟು:

ಅಕ್ಕ, ನಾನು ಹನ್ನೊಂದು ವರ್ಷದಿಂದ ಸೆಷನ್ಸ್ ಕೋರ್ಟಿನಲ್ಲಿ ಇಂಥ ಕೇಸುಗಳನ್ನೇ ಜಾಸ್ತಿ ನಡೆಸುವವನು. ನಿಮ್ಮ ವಕೀಲರು ಕಾಗದ ನೋಡಿ ಹೇಳೋದೇ ಕೊನೆ ಮಾತು. ಆದರೆ ನೀವು ಯಾವ ಪ್ರಶ್ನೆಯ ಹಿಂದೆ ಓಡಬೇಕು ಅನ್ನೋದನ್ನ ನಾನು ಹೇಳಬಲ್ಲೆ. ಈಗ ನೀವು ತಪ್ಪು ಪ್ರಶ್ನೆಯ ಹಿಂದೆ ಓಡುತ್ತಿದ್ದೀರಿ.

ನಮ್ಮ ಎನ್‌ಡಿಪಿಎಸ್ ಕಾಯ್ದೆಯಲ್ಲಿ ‘ಮಾರುವ ಉದ್ದೇಶದಿಂದ ಇಟ್ಟುಕೊಳ್ಳುವುದು’ ಅಂತ ಬೇರೆ ಅಪರಾಧವೇ ಇಲ್ಲ. ಸೆಕ್ಷನ್ 20 ತೆಗೆದು ಓದಿ. ಇಟ್ಟುಕೊಳ್ಳುವುದು, ಕೊಳ್ಳುವುದು, ಮಾರುವುದು, ಸಾಗಿಸುವುದು, ಬಳಸುವುದು ಎಲ್ಲ ಒಂದೇ ಸಾಲಿನಲ್ಲಿ ಪಕ್ಕಪಕ್ಕ ಕೂತಿವೆ. ಶಿಕ್ಷೆ ಎಷ್ಟು ಅನ್ನೋದನ್ನ ತೀರ್ಮಾನ ಮಾಡೋದು ತಕ್ಕಡಿ.

ಗಾಂಜಾಕ್ಕೆ 1 ಕೆಜಿಗಿಂತ ಕಡಿಮೆ ಇದ್ದರೆ ಸಣ್ಣ ಪ್ರಮಾಣ. ಶಿಕ್ಷೆ 1 ವರ್ಷದವರೆಗೆ ಕಠಿಣ ಸಜೆ, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. 20 ಕೆಜಿ ದಾಟಿದರೆ ವಾಣಿಜ್ಯ ಪ್ರಮಾಣ. ಅಲ್ಲಿ ಕನಿಷ್ಠವೇ 10 ವರ್ಷ, ಗರಿಷ್ಠ 20, ದಂಡ 1 ಲಕ್ಷದಿಂದ 2 ಲಕ್ಷ. ಇವೆರಡರ ನಡುವೆ ಬಂದರೆ 10 ವರ್ಷದವರೆಗೆ ಮತ್ತು 1 ಲಕ್ಷದವರೆಗೆ ದಂಡ. ಈ ‘ವರೆಗೆ’ ಅನ್ನೋ ಮಾತು ಗಮನಿಸಿ, ನಡುವಿನ ಪ್ರಮಾಣಕ್ಕೆ ಕನಿಷ್ಠ ಶಿಕ್ಷೆ ಅಂತ ಇಲ್ಲ. ಪ್ರತಿ ವಸ್ತುವಿಗೂ ಅಳತೆ ಬೇರೆ. ಹೆರಾಯಿನ್‌ಗೆ 5 ಗ್ರಾಂ ಮತ್ತು 250 ಗ್ರಾಂ, ಕೊಕೇನ್‌ಗೆ 2 ಮತ್ತು 100, ಚರಸ್‌ಗೆ 100 ಗ್ರಾಂ ಮತ್ತು 1 ಕೆಜಿ. ಎಂಡಿಎಂಎಗೆ ಅರ್ಧ ಗ್ರಾಂ ಮತ್ತು 10 ಗ್ರಾಂ. ಹಾಗಾಗಿ ಗೆಳೆಯನ ಹತ್ತಿರ ಸಿಕ್ಕ 12 ಗ್ರಾಂ ಚಿಟಿಕೆಯಷ್ಟು ಕಂಡರೂ ಅದು ವಾಣಿಜ್ಯ ಪ್ರಮಾಣ. ಪೊಲೀಸರು ಹೇಳಿದ ಇಪ್ಪತ್ತು ವರ್ಷ ಬಂದಿದ್ದು ಅಲ್ಲಿಂದ, ನಿಮ್ಮ ತಮ್ಮನ ರೂಮಿನಿಂದ ಅಲ್ಲ.

ಹಿಂದೆ ನೀವು ಕೇಳಿದಂಥ ಪ್ರಶ್ನೆಗೆ ನಮ್ಮಲ್ಲೂ ಬೆಲೆ ಇತ್ತು. 1985ರಲ್ಲಿ ಕಾಯ್ದೆ ಬಂದಾಗ ಹೆರಾಯಿನ್ ಎಷ್ಟೇ ಸಿಗಲಿ ಕನಿಷ್ಠ 10 ವರ್ಷ. ಸ್ವಂತ ಬಳಕೆಗೆ ಸ್ವಲ್ಪ ಇಟ್ಟುಕೊಂಡಿದ್ದೆ ಅಂತ ಆರೋಪಿಯೇ ಸಾಬೀತು ಮಾಡಿದರೆ ಮಾತ್ರ ರಿಯಾಯಿತಿ. ಸೇದುವ ಹುಡುಗರು ದೊಡ್ಡ ವ್ಯಾಪಾರಿಗಳ ಜೊತೆ ಒಂದೇ ಶಿಕ್ಷೆಗೆ ಬೀಳುತ್ತಿದ್ದರು. 2001ರ ತಿದ್ದುಪಡಿ ಆ ಉದ್ದೇಶದ ಲೆಕ್ಕ ಬಿಟ್ಟು ತೂಕದ ಲೆಕ್ಕ ತಂದಿತು. ನನ್ನ ಪ್ರಕಾರ ಅದು ಒಳ್ಳೆಯ ಬದಲಾವಣೆ. ಆದರೆ ಬೇರೆಯವರ ಚೀಲ ಇಟ್ಟುಕೊಂಡ ನಿಮ್ಮ ತಮ್ಮನಂಥವರಿಗೆ ಅದರಿಂದ ಉಪಯೋಗ ಇಲ್ಲ.

ಈಗ ನಿಜವಾದ ಅಪಾಯಕ್ಕೆ ಬರೋಣ. ಎಫ್‌ಐಆರ್‌ನಲ್ಲಿ 29 ಹಾಕಿದ್ದಾರಲ್ಲ, ಅದು ಒಳಸಂಚಿನ ಸೆಕ್ಷನ್. ವಾಣಿಜ್ಯ ಪ್ರಮಾಣದ ಎಂಡಿಎಂಎಗೆ ಹಾಕಿರುವ 22(ಸಿ) ಜೊತೆ ಅದನ್ನು ಕಟ್ಟಿದರೆ ಗೆಳೆಯನ 12 ಗ್ರಾಂ ನಿಮ್ಮ ತಮ್ಮನ ತಲೆಗೂ ಬರುತ್ತದೆ. ಆಗ ಜಾಮೀನಿಗೆ ಸೆಕ್ಷನ್ 37 ಅಡ್ಡ ನಿಲ್ಲುತ್ತದೆ. ಇವನು ತಪ್ಪಿತಸ್ಥ ಅಲ್ಲ ಎಂದು ನಂಬಲು ಕಾರಣ ಇದೆ, ಹೊರಗೆ ಬಂದರೆ ಮತ್ತೆ ಇಂಥ ಅಪರಾಧ ಮಾಡುವುದಿಲ್ಲ ಎಂದು ಜಡ್ಜ್‌ಗೆ ಅನ್ನಿಸಬೇಕು, ಎರಡೂ. ಬಹಳ ಕಷ್ಟ. ಅದೇ ಬರೀ ಗಾಂಜಾ ಕೇಸ್ ಆಗಿ ನಿಂತರೆ 37 ಬರೋದಿಲ್ಲ, ಮಾಮೂಲಿ ಜಾಮೀನಿನ ನಿಯಮ. ಹಾಗಾಗಿ ‘ನನ್ನ ತಮ್ಮ ಮಾರುವವನಲ್ಲ’ ಅನ್ನೋ ವಾದಕ್ಕಿಂತ ‘ಆ ಎಂಡಿಎಂಎಗೂ ನನ್ನ ತಮ್ಮನಿಗೂ ಕೊಂಡಿ ಎಲ್ಲಿದೆ’ ಅನ್ನೋ ಪ್ರಶ್ನೆ ಮುಖ್ಯ. ಎ1 ಪೊಲೀಸರ ಮುಂದೆ ಹೇಳಿದ್ದು ಬಿಟ್ಟು ಬೇರೆ ಏನಿದೆ? ದುಡ್ಡು ಹೋಗಿಬಂದ ಲೆಕ್ಕ ಇದೆಯಾ? ಮೆಸೇಜ್ ಇದೆಯಾ? ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಗೆ ಕೋರ್ಟಿನಲ್ಲಿ ಬೆಲೆ ಇಲ್ಲ. ಎನ್‌ಸಿಬಿ (ಕೇಂದ್ರದ ಮಾದಕ ವಸ್ತು ನಿಯಂತ್ರಣ ಸಂಸ್ಥೆ) ಅಧಿಕಾರಿಗಳ ಮುಂದೆ ಕೊಟ್ಟ ಹೇಳಿಕೆಗೂ ಅದೇ ನಿಯಮ ಅಂತ 2020ರಲ್ಲಿ ತೂಫಾನ್ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಎಫ್‌ಐಆರ್, ಮಹಜರು (ಸ್ಥಳದಲ್ಲಿ ಬರೆದ ಜಪ್ತಿ ವರದಿ), ರಿಮ್ಯಾಂಡ್ ಅರ್ಜಿ ಮೂರರ ಪ್ರತಿ ತೆಗೆದುಕೊಳ್ಳಿ. ಮ್ಯಾಜಿಸ್ಟ್ರೇಟ್ ಮೊದಲ ಸಲ ರಿಮ್ಯಾಂಡ್ ಮಾಡಿದ ದಿನದಿಂದ ಎಣಿಸಿ 60ನೇ ದಿನಕ್ಕೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ವಾಣಿಜ್ಯ ಪ್ರಮಾಣ ಆದರೆ ಚಾರ್ಜ್‌ಶೀಟ್‌ಗೆ 180 ದಿನ ಸಿಗುತ್ತದೆ, ಇಲ್ಲದಿದ್ದರೆ ಅಷ್ಟು ಇಲ್ಲ. ಗಡುವು ಮುಗಿದ ಕೂಡಲೇ, ಚಾರ್ಜ್‌ಶೀಟ್ ಬೀಳುವ ಮೊದಲು ಅರ್ಜಿ ಹಾಕಿದರೆ ಮಾತ್ರ ಡಿಫಾಲ್ಟ್ ಬೇಲ್. ಒಂದು ದಿನ ತಡವಾದರೂ ಆ ಹಕ್ಕು ಕೈತಪ್ಪಬಹುದು.

---

ಹಸಿರುದಾರಿ:

ಸೇದುತ್ತಿದ್ದ ಅಂದಿರಲ್ಲ, ಹಾಗಿದ್ದರೆ ಚಿಕಿತ್ಸೆಗೆ ಹೋಗ್ತೀನಿ ಅಂದುಬಿಟ್ಟರೆ ಕೇಸ್ ಹೋಗುತ್ತೆ ಅಂತ ಕೇಳಿದ್ದೇನೆ. 64ಎ ಅಂತ ಏನೋ ಇದೆ. ಅದನ್ನೇ ಹಿಡಿದುಕೊಳ್ಳಿ.

---

ದಾದಿಯಮ್ಮ:

ಹಸಿರುದಾರಿ ಅವರೇ, ಒಳ್ಳೆಯ ಮನಸ್ಸಿನಿಂದ ಹೇಳಿದ್ದೀರಿ. ಆದರೆ ಅರ್ಧ ಮಾತು ಈ ಹುಡುಗನಿಗೆ ತೊಂದರೆ ಮಾಡುತ್ತದೆ. ನಾನು ವ್ಯಸನ ಬಿಡಿಸುವ ಕೇಂದ್ರದಲ್ಲಿ ಕೆಲಸ ಮಾಡುತ್ತೇನೆ. 64ಎ ಇರೋದು ಬಳಸಿದ್ದಕ್ಕೆ, ಅಂದರೆ ಸೆಕ್ಷನ್ 27ಕ್ಕೆ, ಇಲ್ಲವೇ ಸಣ್ಣ ಪ್ರಮಾಣದ ಕೇಸಿಗೆ. ವ್ಯಸನಿ ತಾನಾಗಿ ಸರ್ಕಾರ ನಡೆಸುವ ಅಥವಾ ಮಾನ್ಯ ಮಾಡಿದ ಕೇಂದ್ರಕ್ಕೆ ಸೇರಿ ಚಿಕಿತ್ಸೆ ಪಡೆದರೆ ಮೊಕದ್ದಮೆ ನಡೆಸುವುದಿಲ್ಲ, ನಡುವೆ ಬಿಟ್ಟು ಹೋದರೆ ಆ ರಕ್ಷಣೆ ವಾಪಸ್. 1 ಕೆಜಿ 120 ಗ್ರಾಂ ಅಂತ ಕಾಗದದಲ್ಲಿ ಇರುವವರೆಗೆ ಆ ಬಾಗಿಲು ಇವನಿಗೆ ತೆರೆಯುವುದಿಲ್ಲ.

ಬೆಳ್ಳಿಚುಕ್ಕಿ, ಇನ್ನೊಂದು ಮಾತು. ‘ಸೇದುತ್ತಿದ್ದ’ ಅಂತ ನೀವು ಇಲ್ಲಿ ಬರೆದಿದ್ದು ಸರಿ, ಆದರೆ ವಕೀಲರನ್ನು ಕೇಳದೆ ಬೇರೆ ಎಲ್ಲೂ ಬರೆದು ಕೊಡಬೇಡಿ. ಬಳಸಿದ್ದಕ್ಕೂ ಶಿಕ್ಷೆ ಇದೆ. ಗಾಂಜಾ ಆದರೆ 6 ತಿಂಗಳವರೆಗೆ, ಕೊಕೇನ್ ಹೆರಾಯಿನ್ ಆದರೆ 1 ವರ್ಷದವರೆಗೆ. ಹಾಗಂತ ಹುಡುಗನ ಆರೋಗ್ಯ ಕೇಸು ಮುಗಿಯಲಿ ಅಂತ ಕಾಯಬೇಕಾಗಿಲ್ಲ. ಒಳಗೆ ಹೋದ ಮೊದಲ ಒಂದೆರಡು ವಾರ ನಿದ್ದೆ ಬರೋದಿಲ್ಲ, ಊಟ ಸೇರೋದಿಲ್ಲ, ಸಿಡುಕು ಜಾಸ್ತಿ. ಭೇಟಿಗೆ ಹೋದಾಗ ನಿಮ್ಮ ಮೇಲೆ ರೇಗಿದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಜೈಲಿನ ವೈದ್ಯರಿಗೆ ತೋರಿಸಲು ಕೇಳಿ. ನಿಮಗೇ ಮಾತಾಡಬೇಕು ಅನ್ನಿಸಿದರೆ 14446 ಅಂತ ರಾಷ್ಟ್ರೀಯ ಸಹಾಯವಾಣಿ ಇದೆ, ಮನೆಯವರೂ ಕರೆ ಮಾಡಬಹುದು.

---

ಒಬ್ಬ ತಂದೆ:

ಇಲ್ಲಿ ಎಲ್ಲರೂ ಹುಡುಗನನ್ನು ಹೊರಗೆ ತರೋದರ ಬಗ್ಗೆ ಮಾತಾಡುತ್ತಿದ್ದೀರಿ. ನಾನು ಬೇರೆ ಮಾತು ಹೇಳಬೇಕು, ಬೇಜಾರು ಮಾಡಿಕೊಳ್ಳಬೇಡಿ.

ನನ್ನ ಮಗ ಎರಡು ವರ್ಷ ಈ ಜಾಲದಲ್ಲಿ ಸಿಕ್ಕಿಕೊಂಡಿದ್ದ. ಅವನಿಗೆ ಮಾಲು ಕೊಡುತ್ತಿದ್ದವನು ದೊಡ್ಡ ರೌಡಿ ಏನಲ್ಲ. ಪಕ್ಕದ ರೂಮಿನ ಮೆತ್ತಗಿನ ಹುಡುಗ. ಅವನೂ ಇದೇ ಮಾತು ಹೇಳಿದ್ದ, ‘ಇದು ನನ್ನದಲ್ಲ, ಗೆಳೆಯ ಇಟ್ಟುಹೋಗಿದ್ದು’. ಇಟ್ಟುಕೊಳ್ಳುವವರು ಇಲ್ಲದಿದ್ದರೆ ಮಾರುವವನಿಗೆ ಜಾಗ ಎಲ್ಲಿ? ಆ ತೂಕದ ಯಂತ್ರ, ಆ ಕವರುಗಳು ಮಂಚದ ಕೆಳಗೆ ಇದ್ದಾಗ ಇದು ಯಾಕೆ ಅಂತ ನಿಮ್ಮ ತಮ್ಮನಿಗೆ ಗೊತ್ತಾಗಲಿಲ್ಲ ಅಂದರೆ ನಾನು ನಂಬೋದಿಲ್ಲ. ಕಾನೂನು ಗಟ್ಟಿಯಾಗಿ ಇರಲಿ. ನಿಮಗೆ ಕೆಟ್ಟದ್ದು ಬಯಸಿ ಹೇಳುತ್ತಿಲ್ಲ. ನನ್ನ ಹೆಂಡತಿ ಇವತ್ತಿಗೂ ರಾತ್ರಿ ಎದ್ದು ಮಗ ಹಾಸಿಗೆಯಲ್ಲಿ ಇದ್ದಾನಾ ಅಂತ ನೋಡಿ ಬರುತ್ತಾಳೆ.

---

ಬೆಳ್ಳಿಚುಕ್ಕಿ:

ಅಣ್ಣ, ನಿಮ್ಮ ಮಾತು ಓದಿ ಬಹಳ ಹೊತ್ತು ಸುಮ್ನೆ ಕೂತಿದ್ದೆ. ಬೇಜಾರಿಲ್ಲ. ಅವನಿಗೆ ಗೊತ್ತಿತ್ತು ಅಂತಲೇ ನನಗೂ ಅನ್ನಿಸುತ್ತದೆ. ಮೊದಲ ದಿನ ‘ಒಳಗೆ ಬಟ್ಟೆ ಇದೆ ಅಂದ್ಕೊಂಡಿದ್ದೆ’ ಅಂದ. ನಿನ್ನೆ ಭೇಟಿಯಲ್ಲಿ ತಲೆ ತಗ್ಗಿಸಿ ‘ವಾಸನೆ ಬರ್ತಿತ್ತು ಅಕ್ಕ’ ಅಂದ. ಅವನು ತಪ್ಪೇ ಮಾಡಿಲ್ಲ ಅಂತ ನಾನು ಇನ್ನು ಹೇಳೋದಿಲ್ಲ. ಅವನು ಮಾಡಿದ್ದಕ್ಕೆ ಎಷ್ಟೋ ಅಷ್ಟು ಆಗಲಿ, ಗೆಳೆಯ ಮಾಡಿದ್ದು ಇವನ ಮೇಲೆ ಬೀಳದಿರಲಿ. ನನ್ನ ಆಸೆ ಅಷ್ಟೇ.

ಕರಿಕೋಟು ಸರ್, ಗೊತ್ತಿತ್ತು ಅಂದ ಮಾತ್ರಕ್ಕೆ ಎಲ್ಲ ಮುಗಿಯಿತಾ? ಎಫ್‌ಐಆರ್ ಪ್ರತಿ ಸಿಕ್ಕಿದೆ, ಮಹಜರು ನಾಳೆ ಕೊಡ್ತೀವಿ ಅಂದಿದ್ದಾರೆ.

---

ದೂರದೇಶಿ:

ಉದ್ದೇಶದ ಲೆಕ್ಕ ನಡೆಯುವ ದೇಶಗಳೂ ಇವೆ, ಆದರೆ ಅಲ್ಲೂ ಅದು ಆರೋಪಿಗೆ ಅನುಕೂಲವೇ ಅಂತ ತಿಳಿಯಬೇಡಿ. ಅಮೆರಿಕದಲ್ಲಿ ಹಂಚುವ ಉದ್ದೇಶದಿಂದ ಇಟ್ಟುಕೊಳ್ಳುವುದು ಬೇರೆಯದೇ ದೊಡ್ಡ ಅಪರಾಧ. ಉದ್ದೇಶ ಯಾರ ಕಣ್ಣಿಗೂ ಕಾಣಲ್ಲ ಅಲ್ವಾ, ಹಾಗಾಗಿ ಸರ್ಕಾರಿ ವಕೀಲರು ಸುತ್ತಲ ವಸ್ತು ತೋರಿಸುತ್ತಾರೆ. ತಕ್ಕಡಿ, ಸಣ್ಣ ಕವರುಗಳು, ಕಟ್ಟು ಕಟ್ಟು ನಗದು, ಎರಡೆರಡು ಫೋನು. ಇವುಗಳಲ್ಲಿ ಮೊದಲ ಎರಡು ನಿಮ್ಮ ತಮ್ಮನ ರೂಮಿನಲ್ಲೂ ಸಿಕ್ಕಿವೆ. ಅದರ ಮೇಲೆ ತೂಕದ ಲೆಕ್ಕವೂ ಇದೆ. ಫೆಡರಲ್ ಕಾನೂನಿನಲ್ಲಿ 500 ಗ್ರಾಂ ಕೊಕೇನ್ ಪುಡಿಗೆ ಕನಿಷ್ಠ 5 ವರ್ಷ, 5 ಕೆಜಿಗೆ ಕನಿಷ್ಠ 10. ಅದೇ ಕೊಕೇನನ್ನು ಕ್ರ್ಯಾಕ್ (ಸೇದುವ ಗಟ್ಟಿ ರೂಪ) ಮಾಡಿದರೆ 28 ಗ್ರಾಂಗೇ 5 ವರ್ಷ. 2010ಕ್ಕೆ ಮೊದಲು ಬರೀ 5 ಗ್ರಾಂ ಸಾಕಿತ್ತು.

ಸಿಂಗಾಪುರದ್ದು ಇನ್ನೂ ಭಯಂಕರ. ಹೆರಾಯಿನ್ 2 ಗ್ರಾಂ ದಾಟಿದರೆ ಮಾರುವುದಕ್ಕೇ ಇಟ್ಟುಕೊಂಡಿದ್ದಾನೆ ಅಂತ ಕಾನೂನೇ ಊಹೆ ಮಾಡುತ್ತದೆ, ಅಲ್ಲ ಅಂತ ಆರೋಪಿ ತೋರಿಸಬೇಕು. 15 ಗ್ರಾಂ ದಾಟಿ ಮಾರಾಟ ಸಾಬೀತಾದರೆ ಮರಣದಂಡನೆ. ಗಾಂಜಾಕ್ಕೆ ಆ ಗೆರೆ 500 ಗ್ರಾಂ.

---

ಕರಿಕೋಟು:

ಬೆಳ್ಳಿಚುಕ್ಕಿ ಅಕ್ಕ, ನೀವು ಕೇಳಿದ್ದು ಈ ಕಾಯ್ದೆಯ ಮುಳ್ಳಿನ ಜಾಗ. ಸೆಕ್ಷನ್ 35 ಮತ್ತು 54 ಪ್ರಕಾರ ವಸ್ತು ಇವನ ವಶದಲ್ಲಿ ಸಿಕ್ಕಿತು ಅಂತ ಸಾಬೀತಾದರೆ ಗೊತ್ತಿದ್ದೇ ಇಟ್ಟುಕೊಂಡಿದ್ದ ಅಂತ ಕೋರ್ಟ್ ಹಿಡಿಯುತ್ತದೆ. ಗೊತ್ತಿರಲಿಲ್ಲ ಅಂತ ತೋರಿಸುವ ಹೊರೆ ಇವನದು. ಆದರೆ ಅದಕ್ಕೂ ಮೊದಲು ಮೂಲ ಸಂಗತಿಗಳನ್ನು ಪೊಲೀಸರೇ ಗಟ್ಟಿಯಾಗಿ ಸಾಬೀತು ಮಾಡಬೇಕು. ಎಲ್ಲಿ ಸಿಕ್ಕಿತು, ಯಾರ ಮುಂದೆ ಸಿಕ್ಕಿತು, ಸಿಕ್ಕಿದ್ದೇ ಲ್ಯಾಬಿಗೆ ಹೋಯಿತಾ ಅನ್ನೋದೆಲ್ಲ. 2008ರ ನೂರ್ ಆಗಾ ತೀರ್ಪು ಹೇಳಿದ್ದು ಇದನ್ನೇ. ಶಿಕ್ಷೆ ಇಷ್ಟು ಕಠಿಣ ಇರೋದರಿಂದ ಕ್ರಮವೂ ಅಷ್ಟೇ ಕಟ್ಟುನಿಟ್ಟಾಗಿರಬೇಕು.

‘ಬಟ್ಟೆ ಅಂದ್ಕೊಂಡಿದ್ದೆ’ ಅನ್ನೋ ಮಾತನ್ನು ಮತ್ತೆ ಯಾರ ಮುಂದೂ ಹೇಳಬೇಡ ಅನ್ನಿ. ವಕೀಲರಿಗೆ ಮಾತ್ರ ಇದ್ದದ್ದು ಇದ್ದ ಹಾಗೆ ಹೇಳಲಿ. ಸುಳ್ಳಿನ ಮೇಲೆ ಕಟ್ಟಿದ ಕೇಸನ್ನು ನಾವು ಎಷ್ಟು ದೂರ ಎಳೆದರೂ ಪಾಟೀಸವಾಲಿನ ದಿನ ಬಿದ್ದುಹೋಗುತ್ತದೆ. ಸೆಕ್ಷನ್ 25 ಕೂಡ ನೆನಪಿಡಿ, ಗೊತ್ತಿದ್ದೂ ತನ್ನ ಜಾಗವನ್ನು ಇಂಥದ್ದಕ್ಕೆ ಬಿಟ್ಟುಕೊಟ್ಟವನಿಗೂ ಅದೇ ಅಪರಾಧದ ಶಿಕ್ಷೆ ಇದೆ. ‘ಗೆಳೆಯನಿಗಾಗಿ ಇಟ್ಟುಕೊಂಡೆ’ ಅನ್ನೋದು ಆ ಸೆಕ್ಷನ್‌ಗೆ ಒಪ್ಪಿಗೆ ಕೊಟ್ಟ ಹಾಗೆ.

ರಾತ್ರಿ ಹತ್ತೂವರೆ ಅಂದಿರಿ. ಸೂರ್ಯ ಮುಳುಗಿದ ಮೇಲೆ ವಾರಂಟ್ ಇಲ್ಲದೆ ಮನೆ ಹುಡುಕಬೇಕಾದರೆ, ವಾರಂಟಿಗೆ ಕಾದರೆ ಸಾಕ್ಷಿ ಹಾಳಾಗುತ್ತದೆ ಅಂತ ಯಾಕೆ ಅನ್ನಿಸಿತು ಎಂದು ಬರೆದಿಡಬೇಕು. ಬಂದ ಮಾಹಿತಿಯನ್ನೂ ಬರೆದು 72 ಗಂಟೆಯೊಳಗೆ ಮೇಲಧಿಕಾರಿಗೆ ಕಳಿಸಬೇಕು. ಇದು ಸೆಕ್ಷನ್ 42. ಪೂರ್ತಿ ಬಿಟ್ಟಿದ್ದರೆ ಕೇಸಿಗೆ ದೊಡ್ಡ ಪೆಟ್ಟು, ತಡವಾಗಿದ್ದರೆ ಕಾರಣ ನೋಡುತ್ತಾರೆ. ಗೆಜೆಟೆಡ್ ಅಧಿಕಾರಿ ಮುಂದೆ ಹುಡುಕಬೇಕಿತ್ತು ಅಂತ ಯಾರಾದರೂ ಹೇಳಿದರೆ ಅದಕ್ಕೆ ಆಸೆ ಇಟ್ಟುಕೊಳ್ಳಬೇಡಿ. ಆ ಸೆಕ್ಷನ್ 50 ಇರೋದು ಮೈ ತಪಾಸಣೆಗೆ. ಮಂಚದ ಕೆಳಗಿನ ಚೀಲಕ್ಕೆ ಅಲ್ಲ.

---

ಹೊರಬಂದವನು:

ಅಕ್ಕ, ನಾನು ವಿಚಾರಣಾಧೀನ ಕೈದಿಯಾಗಿ 14 ತಿಂಗಳು ಒಳಗಿದ್ದು ಬಂದವನು. ನನ್ನದೂ ಗಾಂಜಾ ಕೇಸು. ಕೊನೆಗೆ ಬಿಡುಗಡೆ ಆಯಿತು. ನಾನು ಯಾವ ಸ್ಟೇಷನ್ ಅಂತ ಹೇಳಲ್ಲ, ಆದರೆ ನನ್ನ ಕೇಸು ನಿಂತಿದ್ದೂ ಬಿದ್ದಿದ್ದೂ ಮಹಜರಿನ ಮೇಲೆ. ಅದನ್ನು ಅಕ್ಷರ ಅಕ್ಷರ ಓದಿ.

ಮೊದಲು ತೂಕ ಹೇಗೆ ಮಾಡಿದರು ನೋಡಿ. ಚೀಲ ಸಮೇತ ಮಾಡಿದರಾ, ಚೀಲದಿಂದ ಹೊರಗೆ ಸುರಿದು ಮಾಡಿದರಾ? ಮನೆಗೆ ದಿನಸಿ ತೂಗಿಸುವಾಗಲೂ ನಾವು ಡಬ್ಬದ ತೂಕ ಕಳೆಯುತ್ತೇವೆ ಅಲ್ವಾ. ನನ್ನ ಕೇಸಲ್ಲಿ ಕಾಂಡ, ಬೇರು, ಒದ್ದೆ ಎಲೆ, ಗೋಣಿಚೀಲ ಎಲ್ಲ ಸೇರಿಸಿ ಒಂದೇ ತೂಕ ಬರೆದಿದ್ದರು. ಕಾಯ್ದೆ ಪ್ರಕಾರ ಗಾಂಜಾ ಅಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿ. ಆ ತುದಿಯ ಜೊತೆ ಇಲ್ಲದ ಬರೀ ಎಲೆ, ಬರೀ ಬೀಜ ಗಾಂಜಾ ಅಲ್ಲ. ನನ್ನ ವಕೀಲರು ಪಂಚರನ್ನು (ಮಹಜರಿಗೆ ಸಾಕ್ಷಿಯಾಗಿ ಸಹಿ ಹಾಕಿದವರು) ಇದೊಂದೇ ವಿಷಯದ ಮೇಲೆ ಒಂದು ಗಂಟೆ ಪ್ರಶ್ನೆ ಕೇಳಿದರು. ಪಂಚರಿಬ್ಬರೂ ಬೇರೆ ಬೇರೆ ಹೇಳಿದರು.

ಆಮೇಲೆ 52ಎ. ಮ್ಯಾಜಿಸ್ಟ್ರೇಟರ ಮುಂದೆ ಪಟ್ಟಿ ಮಾಡಿ, ಅವರ ಎದುರೇ ಸ್ಯಾಂಪಲ್ ತೆಗೆದು, ಫೋಟೋ ತೆಗೆದು, ಸಹಿ ಆಗಬೇಕು. ಅದು ಆಗಿದೆಯಾ, ಯಾವತ್ತು ಆಯಿತು, ಅಲ್ಲಿ ಬಂದ ತೂಕ ಎಷ್ಟು ಅಂತ ಕೇಳಿ. ಸ್ಟೇಷನ್ ತೂಕಕ್ಕೂ ಅಲ್ಲಿಯ ತೂಕಕ್ಕೂ ವ್ಯತ್ಯಾಸ ಇದ್ದರೆ ಅದೇ ನಿಮ್ಮ ಕೈಗೆ ಸಿಕ್ಕ ದಾರ.

ವಕೀಲರ ಫೀಸಿಗೆ ಅಂತ ಒಡವೆ ಅಡ ಇಡುವ ಮೊದಲು 15100ಕ್ಕೆ ಕರೆ ಮಾಡಿ. ಕಾನೂನು ಸೇವಾ ಪ್ರಾಧಿಕಾರದ ನಂಬರ್. ಬಂಧನದಲ್ಲಿರುವ ಯಾರಿಗೇ ಆಗಲಿ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. ನನ್ನ ಅಪ್ಪನಿಗೆ ಇದು ಗೊತ್ತಿರಲಿಲ್ಲ. ಎರಡು ಎಕರೆ ಹೋಯಿತು.

ಅವನಿಗೆ ಓದಲು ಪುಸ್ತಕ ಕೊಡಿ. ವಾರಕ್ಕೊಮ್ಮೆ ಆದರೂ ಹೋಗಿ. ಮಾತಾಡಲು ಏನೂ ಇಲ್ಲದಿದ್ದರೂ ಹೋಗಿ.

---

ಒಬ್ಬ ತಂದೆ:

ಬೆಳ್ಳಿಚುಕ್ಕಿ, ‘ವಾಸನೆ ಬರ್ತಿತ್ತು’ ಅಂತ ಅವನು ಒಪ್ಪಿಕೊಂಡಿದ್ದು ಒಳ್ಳೆಯದಾಯಿತಮ್ಮ. ನನ್ನ ಮಗನೂ ಸುಳ್ಳು ನಿಲ್ಲಿಸಿದ ದಿನದಿಂದಲೇ ಸರಿಯಾಗಲು ಶುರುವಾಗಿದ್ದು. ದಾದಿಯಮ್ಮ ಹೇಳಿದ ನಂಬರಿಗೆ ನಾನೂ ಒಮ್ಮೆ ಕರೆ ಮಾಡಿದ್ದೆ, ಸಮಾಧಾನದಿಂದ ಮಾತಾಡಿದರು.

---

ಬೆಳ್ಳಿಚುಕ್ಕಿ:

ಮಹಜರು ಸಿಕ್ಕಿತು. ಮೂರು ಸಲ ಓದಿದೆ. ಎರಡನೇ ಪುಟದಲ್ಲಿ ಹೀಗಿದೆ: ‘ಕಪ್ಪು ಬಣ್ಣದ ಕಾಲೇಜ್ ಬ್ಯಾಗ್ ಹಾಗೂ ಅದರೊಳಗಿನ ಕವರ್‌ಗಳ ಸಮೇತ ತೂಕ ಮಾಡಲಾಗಿ 1 ಕೆಜಿ 120 ಗ್ರಾಂ’. ಬರೀ ಗಾಂಜಾದ ತೂಕ ಅಂತ ಎಲ್ಲೂ ಬರೆದಿಲ್ಲ. ಅಂಥದ್ದೇ ಬ್ಯಾಗ್ ನನ್ನ ಹತ್ತಿರ ಇದೆ, ನನಗೂ ತಮ್ಮನಿಗೂ ಒಟ್ಟಿಗೆ ಕೊಂಡಿದ್ದೆವು. ಗೆಳೆಯ ತಮ್ಮನ ಹಳೇ ಬ್ಯಾಗಿಗೇ ತುಂಬಿ ಇಟ್ಟುಹೋಗಿದ್ದಾನೆ. ಅಡುಗೆಮನೆ ತಕ್ಕಡಿಯಲ್ಲಿ ನನ್ನ ಖಾಲಿ ಬ್ಯಾಗ್ ಇಟ್ಟು ನೋಡಿದೆ. 430 ಗ್ರಾಂ ತೋರಿಸಿತು. ಕೈ ನಡುಗುತ್ತಿತ್ತು.

---

ಕರಿಕೋಟು:

ಹಾಗಾದರೆ ಗಾಂಜಾ 1 ಕೆಜಿಗಿಂತ ಬಹಳ ಕೆಳಗೆ ಇರಬೇಕು. ನಿವ್ವಳ ತೂಕ ಸಣ್ಣ ಪ್ರಮಾಣಕ್ಕೆ ಬಂದರೆ ಗಾಂಜಾ ಮಟ್ಟಿಗೆ ಗರಿಷ್ಠ ಶಿಕ್ಷೆ 10 ವರ್ಷದಿಂದ 1 ವರ್ಷಕ್ಕೆ ಇಳಿಯುತ್ತದೆ, ದಾದಿಯಮ್ಮ ಹೇಳಿದ 64ಎ ಬಾಗಿಲೂ ಆಗ ತೆರೆಯಬಹುದು. ಆದರೆ ಬ್ಯಾಗ್ ನಿಮ್ಮ ತಮ್ಮನದೇ ಅನ್ನೋದು ಇನ್ನೊಂದು ಕಡೆಯಿಂದ ಚುಚ್ಚುತ್ತದೆ. ಗೆಳೆಯನ ಚೀಲ ಅನ್ನೋ ಕಥೆಗೆ ಅದು ಹೊಂದುವುದಿಲ್ಲ ಅಂತ ಸರ್ಕಾರಿ ವಕೀಲರು ಖಂಡಿತ ಹೇಳುತ್ತಾರೆ. ಎರಡನ್ನೂ ನಿಮ್ಮ ವಕೀಲರಿಗೆ ಹೇಳಿ, ಒಂದನ್ನು ಮುಚ್ಚಿಡಬೇಡಿ. ಮನೆಯ ತಕ್ಕಡಿ ಸಾಕ್ಷಿ ಆಗೋದಿಲ್ಲ. 52ಎ ಕೆಳಗೆ ಮ್ಯಾಜಿಸ್ಟ್ರೇಟರ ಮುಂದೆ ಆದ ಪಟ್ಟಿಯ ಪ್ರತಿಗೆ ನಾಳೆಯೇ ಅರ್ಜಿ ಹಾಕಲಿ. ಜಾಮೀನು ಅರ್ಜಿಯಲ್ಲಿ ಮೊದಲು ಆ ಎರಡನೇ ಪುಟದ ಸಾಲು ಬರಲಿ, ಅದರ ಹಿಂದೆ 29ನೇ ಸೆಕ್ಷನ್‌ಗೆ ಎ1 ಹೇಳಿಕೆ ಬಿಟ್ಟು ಬೇರೆ ಆಧಾರ ಇಲ್ಲ ಅನ್ನೋದು ಬರಲಿ. ಆ 29 ಬೀಳುವವರೆಗೆ 37 ತಪ್ಪಿದ್ದಲ್ಲ, ತೂಕ ಕಡಿಮೆ ಅಂತ ಅದನ್ನು ಮರೆಯಬೇಡಿ.

---

ಬೆಳ್ಳಿಚುಕ್ಕಿ:

ವಕೀಲರಿಗೆ ಎಲ್ಲ ಹೇಳಿದೆ ಸರ್, ಬ್ಯಾಗಿನ ವಿಷಯವನ್ನೂ. ಮಹಜರಿನ ಆ ಸಾಲಿನ ಕೆಳಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದರು. ಬರುವ ಮಂಗಳವಾರ ಅರ್ಜಿ ಹಾಕುತ್ತಾರೆ. ನಾಳೆ ಭೇಟಿ ದಿನ, ಅಮ್ಮ ಕೂಡ ಬರ್ತೀನಿ ಅಂದಿದ್ದಾರೆ.